ದಿಬ್ಬದ ಬಂಗಲೆಯ ಬಾಗಿಲು

ಆ ಕರಪತ್ರವನ್ನು ಮನೆಗೆ ತಂದದ್ದೇ ತಪ್ಪಾಯಿತು ಎಂದು, ಮೂಡಲಗಿಯಿಂದ ಗೋಕಾಕ ಮುಟ್ಟುವುದರೊಳಗೆ ಕಸ್ತೂರಿಗೆ ಹತ್ತು ಸಲವಾದರೂ ಅನಿಸಿತ್ತು. ಗುಲಾಬಿ ಬಣ್ಣದ ತೆಳು ಕಾಗದ. ಮೇಲೆ ದಪ್ಪ ಅಕ್ಷರದಲ್ಲಿ ‘ತೆರೆದ ಬಾಗಿಲು’ ಎಂದು ಅಚ್ಚಾಗಿತ್ತು. ಕೆಳಗೆ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಒಂಬತ್ತು ಹಳೆಯ ಕಟ್ಟಡಗಳು ಶನಿವಾರ ಮತ್ತು ರವಿವಾರ ಸಾರ್ವಜನಿಕರಿಗೆ ಮುಕ್ತವಾಗಿರುತ್ತವೆ, ಪ್ರವೇಶ ಉಚಿತ, ಎಲ್ಲರೂ ಬಂದು ನಮ್ಮ ಪರಂಪರೆಯನ್ನು ಕಣ್ಣಾರೆ ನೋಡಬೇಕು ಎಂಬ ವಿನಂತಿ. 2001ರ ನವೆಂಬರ್ ತಿಂಗಳು. ಕಸ್ತೂರಿ ಕಲಿಸುವ ಕನ್ನಡ ಶಾಲೆಗೆ ಹತ್ತು ಪ್ರತಿ ಬಂದಿದ್ದವು. ಅದರಲ್ಲಿ ಒಂದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದು, ಸಂಜೆ ಚಹಾ ಕುದಿಯುವಾಗ ಸುಮ್ಮನೆ ಗಟ್ಟಿಯಾಗಿ ಓದಿದಳು. ಓದಬಾರದಿತ್ತು.

ಅತ್ತೆ ಲಗಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಒಂಬತ್ತನೆಯ ಹೆಸರಿಗೆ ಕೈ ನಿಲ್ಲಿಸಿದಳು.

“ಯಾವ ಬಂಗಲಿ ಅಂದಿ?”

“ಹುಕ್ಕೇರಿ ದಿಬ್ಬದ ಬಂಗಲಿ, ಅತ್ತಿ. ಸಾಹೇಬರ ಬಂಗಲಿ.”

“ಒಳಗ ಬಿಡ್ತಾರ?”

“ಸಾರ್ವಜನಿಕರಿಗೆ ಬಿಡ್ತೇವಿ ಅಂತ ಬರದಾರ.”

“ನಾ ಸಾರ್ವಜನಿಕ ಹೌದಲ್ಲ?”

ಕಸ್ತೂರಿ ಬಿ.ಎ. ಓದಿದವಳು. ಆದರೂ ಈ ಪ್ರಶ್ನೆಗೆ ಏನು ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ, ಎರಡು ಕ್ಷಣ ತಡಮಾಡಿಯೇ “ಹೌದ್ರಿ” ಎಂದಿದ್ದಳು.

ದಿಬ್ಬದ ಬಂಗಲೆ ಎಂದರೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಜಗಳ. ಐವತ್ತು ವರ್ಷದ ಹಿಂದೆ ಲಗಮವ್ವ ಹೊಸದಾಗಿ ಮದುವೆಯಾಗಿ, ಮೂಡಲಗಿಗೆ ಬರುವ ಮೊದಲು ಮನೆತನ ಇದ್ದ ಹುಕ್ಕೇರಿ ಬಳಿಯ ಬೆಲ್ಲದ ಬಾಗೇವಾಡಿಗೆ ಬಂದಾಗ, ಗಂಡ ಮಾಲಿಂಗಪ್ಪನಿಗೆ ಆ ಬಂಗಲೆಯಿಂದ ಒಂದು ದೊಡ್ಡ ಕಂಬಳಿ ನೇಯ್ದು ಕೊಡಲು ಹೇಳಿಕೆ ಬಂದಿತ್ತು. ಮನೆಯ ಕುರಿಗಳದೇ ಉಣ್ಣೆ. ನೂಲು ತೆಗೆದವಳು ಲಗಮವ್ವ, ಹುಣಸೆ ಬೀಜದ ಗಂಜಿ ಕಾಸಿ ಹಚ್ಚಿದವಳು ಲಗಮವ್ವ, ನೇಯ್ದವನು ಅವನು. ಮುಗಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿದವಳೂ ಅವಳೇ. ಬಾಗಿಲ ತನಕ ಮಾತ್ರ. ಅಲ್ಲಿಂದ ಒಳಗೆ ಹೋದವನು ಮಾಲಿಂಗಪ್ಪ ಒಬ್ಬನೇ. ಅವನ ಹಿಂದೆಯೇ ಬಾಗಿಲು ಮುಚ್ಚಿತ್ತು. ಹೊರಗೆ ಅಂಗಳದಲ್ಲಿ, ನೆರಳಿಲ್ಲದ ಕಡೆ, ಅವಳು ಉಪವಾಸ ನಿಂತದ್ದು ಅರ್ಧ ದಿನ. ಅವನು ಹೊರಬಂದಾಗ ಹೊತ್ತು ವಾಲಿತ್ತು.

ಅವರಲ್ಲಿ ಕಂಬಳಿ ಎಂದರೆ ದೇವರ ಗದ್ದುಗೆ. ಬೀರದೇವರ ಹಬ್ಬಕ್ಕೆ ಅದನ್ನೇ ಹಾಸುವುದು, ಮದುಮಕ್ಕಳನ್ನು ಅದರ ಮೇಲೆಯೇ ಕೂಡಿಸುವುದು. ಅದರ ಮೇಲೆ ಕೂಡಬಹುದು, ಮಲಗಬಹುದು, ಹೊದೆಯಬಹುದು. ತುಳಿದು ನಡೆಯುವಂತಿಲ್ಲ, ಚಪ್ಪಲಿಗಾಲಿನಲ್ಲಂತೂ ಅಲ್ಲವೇ ಅಲ್ಲ. ನೆಲಕ್ಕೆ ಹಾಸುವ ಜಮಖಾನೆಯ ಹಾಗೆ ಅದನ್ನು ಬಳಸಬಾರದೆಂದು ಸಾಹೇಬನಿಗೆ ಹೇಳಿಯೇ ಕೊಡಬೇಕು ಎಂದು ಲಗಮವ್ವ ಗಂಡನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ‘ಹೇಳಿದೆ, ಒಪ್ಪಿದ’ ಎಂದ ಅವನು. ಅಷ್ಟೇ. ಹೇಗೆ ಹೇಳಿದಿ, ಅವ ಏನಂದ ಎಂದರೆ ಮಾತು ತಿರುಗಿಸಿ, ಒಳಗೆ ಒಂದು ಕನ್ನಡಿ ಇದೆ, ಆಳೆತ್ತರ, ಮುಂಡಾಸದಿಂದ ಹೆಬ್ಬೆರಳಿನ ತನಕ ಒಂದೇ ಸಲ ಕಾಣುತ್ತದೆ ಎಂದು ಶುರುಮಾಡುತ್ತಿದ್ದ. ನೀನು ಏನೂ ಹೇಳಿಲ್ಲ, ಸಾಹೇಬನ ಎದುರು ನಿನ್ನ ಬಾಯಿ ಬಿದ್ದುಹೋಗಿದೆ, ಒಳಗೆ ಚಹಾ ಕುಡಿಯುತ್ತ ಕೂತಿದ್ದೆ, ನಾನು ಹೊರಗೆ ಬಿಸಿಲಲ್ಲಿ ಸತ್ತೆ ಎಂದು ಲಗಮವ್ವ. ಹೀಗೆಯೇ ನಲವತ್ತೈದು ವರ್ಷ. ಮಾಲಿಂಗಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಮಾತಾಡುವವರು ಒಬ್ಬರೇ ಆದದ್ದು ಬಿಟ್ಟರೆ ಜಗಳದಲ್ಲಿ ಏನೂ ಬದಲಾಗಿರಲಿಲ್ಲ.

“ನಾ ಹೋಗಿ ನೋಡಾಕಿ,” ಎಂದಳು ಲಗಮವ್ವ. “ಕಂಬಳಿ ಎಲ್ಲಿಟ್ಟಾರ ಅಂತ ನೋಡಿದ್ರ ತಿಳೀತೈತಿ, ಅಂವ ಹೇಳಿದ್ನೋ ಇಲ್ಲೋ ಅಂತ.”

ಐವತ್ತು ವರ್ಷದ ಕಂಬಳಿ ಇನ್ನೂ ಇರುತ್ತದೆಯೇ ಎಂದು ಕಸ್ತೂರಿ ಕೇಳಲಿಲ್ಲ. ಕೇಳಿದರೆ ಅದು ಎಂಥ ಉಣ್ಣೆ ಎಂಬುದರ ಕಥೆ ಮೊದಲಿನಿಂದ ಬರುತ್ತಿತ್ತು. ಗಂಡ ಸದಾಶಿವ ಮಾತ್ರ ಆರಾಮವಾಗಿ ಚಹಾ ಕುಡಿದು, “ನೀ ಓದಿದಾಕಿ ಅದಿ, ನೀನ ಕರಕೊಂಡ ಹೋಗು,” ಎಂದ. ಆ ಮನೆಯಲ್ಲಿ ಕಾಗದ ಇರುವ ಕೆಲಸವೆಲ್ಲ ಓದಿದವಳದು. ಕಾಗದ ಇಲ್ಲದ ಕೆಲಸವೂ ಬಹುತೇಕ ಅವಳದೇ.

ಶನಿವಾರ ಶಾಲೆ ಇತ್ತು. ರವಿವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇಬ್ಬರೂ ಹೊರಟರು. ಬಸ್ಸು ಮುಕ್ಕಾಲು ಗಂಟೆ ತಡ.

ಗೋಕಾಕದಲ್ಲಿ ಪಟ್ಟಿಯ ಮೊದಲನೆಯ ಕಟ್ಟಡ ಒಂದು ಹಳೆಯ ಸರ್ಕಾರಿ ಕಚೇರಿ. ಅದರ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ಎದೆಗೆ ಗುಲಾಬಿ ಬಿಲ್ಲೆ ಚುಚ್ಚಿಕೊಂಡ ಕಾಲೇಜು ಹುಡುಗಿ ಕೂತಿದ್ದಳು. ಬಿಲ್ಲೆಯ ಮೇಲೆ ‘ತೃಪ್ತಿ, ಸ್ವಯಂಸೇವಕಿ’ ಎಂದಿತ್ತು.

“ಪಾಸ್ ಇಲ್ಲದ ಒಳಗ ಬಿಡಂಗಿಲ್ರಿ,” ಎಂದಳು ತೃಪ್ತಿ.

“ಉಚಿತ ಅಂತ ಬರದೀರಲ್ರಿ?”

“ಹೌದ್ರಿ. ಪಾಸ್ ಸುದ್ಧಾ ಉಚಿತಾನ ಐತ್ರಿ.”

“ಹಂಗಾರ ಎರಡ ಕೊಡ್ರಿ.”

“ಪಾಸ್ ಕೊಡೂದು ಹತ್ತರಿಂದ ಹನ್ನೊಂದರ ತನಕ ಇತ್ರಿ. ಈಗ ಹನ್ನೊಂದು ಹೊಡದ ಹತ್ತ ಮಿನಿಟ ಆತು.”

ಕಸ್ತೂರಿ ಗೋಡೆ ಗಡಿಯಾರ ನೋಡಿದಳು, ತನ್ನ ಗಡಿಯಾರ ನೋಡಿದಳು. ತನ್ನದು ಇನ್ನೂ ಹನ್ನೊಂದಕ್ಕೆ ಎರಡು ನಿಮಿಷ ಇದೆ ಎನ್ನುತ್ತಿತ್ತು. ಆದರೆ ವಾದ ಮಾಡಿದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಅವಳಿಗೆ ಎಲ್ಲಕ್ಕಿಂತ ಬೇಡವಾದದ್ದು ಅದೇ. “ನಾವು ಹುಕ್ಕೇರಿ ಬಂಗಲಿ ಅಷ್ಟ ನೋಡಬೇಕಾಗೇತ್ರಿ,” ಎಂದಳು ಸಣ್ಣ ದನಿಯಲ್ಲಿ. “ಅಲ್ಲೇ ಪಾಸ್ ಸಿಗಂಗಿಲ್ಲೇನ್ರಿ?”

“ಎಲ್ಲಾ ಪಾಸ್ ಇಲ್ಲೇ ಸಿಗತಾವ್ರಿ. ಇಲ್ಲಿಂದ ಶುರು ಮಾಡಬೇಕ್ರಿ, ಒಂದನೇ ನಂಬರ್ ಇಲ್ಲೇ ಐತಲ್ರಿ.”

ಲಗಮವ್ವ ಅಷ್ಟರಲ್ಲಿ ಮೇಜಿನ ಆಚೆ ಕೈಚಾಚಿ ಒಂದು ಕಾಗದ ಎಳೆದುಕೊಂಡಿದ್ದಳು. “ಇದ ಅಲ್ಲ ಪಾಸು? ಬರದ ಕೊಡ ತಂಗಿ. ಹತ್ತ ಮಿನಿಟದಾಗ ನಿನ್ನ ಬಂಗಾರ ಏನ ಸವದ ಹೋಗಂಗಿಲ್ಲ.”

ತೃಪ್ತಿ ನಕ್ಕುಬಿಟ್ಟಳು. ನಕ್ಕ ಮೇಲೆ ಕೊಡದೆ ಇರಲಾಗಲಿಲ್ಲ. ಆದರೆ ಅದು ಪಾಸಲ್ಲ, ಪಾಸು ಕೇಳುವ ಅರ್ಜಿ. ಹೆಸರು, ವಯಸ್ಸು, ವಿದ್ಯಾರ್ಹತೆ, ‘ಪರಂಪರೆಯಲ್ಲಿ ತಮ್ಮ ಆಸಕ್ತಿಯ ಕ್ಷೇತ್ರ’.

“ನನಗ ಆಸಕ್ತಿ ಎದರಾಗ ಐತಿ ಅಂತ ಕೇಳಾಕತ್ತಾರ?” ಎಂದಳು ಲಗಮವ್ವ. “ಬರಿ, ಬಂಗಲಿಯೊಳಗ ಅಂತ.”

ಕಸ್ತೂರಿ ‘ವಾಸ್ತುಶಿಲ್ಪ’ ಎಂದು ಬರೆದಳು.

ಕೊನೆಗೆ ಕೈಗೆ ಬಂದದ್ದು ಒಂಬತ್ತು ಚೌಕಗಳಿದ್ದ ಒಂದು ರಟ್ಟು. ನೋಡಿದ ಪ್ರತಿ ಕಟ್ಟಡಕ್ಕೂ ಒಂದು ಠಸೆ, ಅಂದರೆ ಮುದ್ರೆ. ಮೊದಲ ಠಸೆ ಬೀಳಬೇಕಾದರೆ ಈ ಕಚೇರಿಯನ್ನು ಸುತ್ತಲೇಬೇಕು. ಲಗಮವ್ವ ಸುತ್ತಲೂ ಒಮ್ಮೆ ಕಣ್ಣಾಡಿಸಿ, “ಇದನ್ನ ನೋಡಾಕ ಪಾಸ್ ಬೇಕಾ?” ಎಂದು ಎಲ್ಲರಿಗೂ ಕೇಳುವಂತೆ ಅಂದಳು. “ಹೊಲದ ಪಹಣಿ ಉತಾರಕ್ಕ ಅಂತ ನನ್ನ ಅರ್ಧಾ ಆಯುಷ್ಯ ಇಲ್ಲೇ ಹೋಗೇತಿ. ಆ ಕಂಬ ನೋಡು, ನನ್ನ ಬೆನ್ನ ತಾಗಿ ತಾಗಿ ಸವದೈತಿ.” ಹಿಂದಿದ್ದ ಇಬ್ಬರು ಗಂಡಸರು ಹೋ ಎಂದು ನಕ್ಕರು. ಕಸ್ತೂರಿ ಕಿವಿ ಬಿಸಿಯಾಗಿ ಅತ್ತೆಯ ಮೊಣಕೈ ಹಿಡಿದು ಎಳೆದುಕೊಂಡೇ ಒಂದು ಸುತ್ತು ಹಾಕಿಸಿದಳು. ಮಾಡಿನ ಮರದ ಕೆತ್ತನೆಯ ಕೆಳಗೆ ‘ದಯವಿಟ್ಟು ಮೇಲೆ ನೋಡಿ’ ಎಂದು ಫಲಕ ಇತ್ತು. ಇಬ್ಬರೂ ಮೇಲೆ ನೋಡಲಿಲ್ಲ.

ಹುಕ್ಕೇರಿ ಬಸ್ಸು ಹನ್ನೆರಡೂವರೆಗೆ ಎಂದರು. ಬಂದದ್ದು ಒಂದೂವರೆಗೆ. ಘಟಪ್ರಭಾದಲ್ಲಿ ರೈಲು ಗೇಟು ಹಾಕಿತ್ತು. ಒಂದು ರೈಲು ಹೋಯಿತು. ಗೇಟು ಏಳಲಿಲ್ಲ. ಇನ್ನೊಂದು ಬರುವುದಿದೆ ಎಂದರು. ಬಸ್ಸಿನಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಕರಪತ್ರದಲ್ಲಿ ಬಂಗಲೆ ಐದು ಗಂಟೆಗೆ ಮುಚ್ಚುತ್ತದೆ ಎಂದಿತ್ತು. ಹುಕ್ಕೇರಿಯಲ್ಲಿ ಇಳಿದು ದಿಬ್ಬಕ್ಕೆ ನಡೆಯಲು ಅರ್ಧ ಗಂಟೆ, ಅತ್ತೆಯ ಮೊಣಕಾಲಿಗೆ ಇನ್ನೂ ಹತ್ತು ನಿಮಿಷ, ತಿರುಗಿ ಹೋಗುವ ಕೊನೆಯ ನೇರ ಬಸ್ಸು ಐದೂಮುಕ್ಕಾಲಿಗೆ. ಕಸ್ತೂರಿ ಈ ಲೆಕ್ಕವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮಾಡುತ್ತಿದ್ದಳು. ಯಾವ ಕಡೆಯಿಂದ ಮಾಡಿದರೂ ಕೂಡಿ ಬರುತ್ತಿರಲಿಲ್ಲ.

“ನಿನ್ನ ಮಾರಿ ನೋಡಿದ್ರ ಸತ್ತವರ ಮನಿಗೆ ಹೊಂಟಂಗ ಐತಿ,” ಎಂದಳು ಲಗಮವ್ವ, ಚಟ್ನಿಯ ಬೆರಳು ನೆಕ್ಕುತ್ತ.

“ಐದಕ್ಕ ಮುಚ್ಚತಾರ, ಅತ್ತಿ.”

“ಐವತ್ತ ವರ್ಷ ಮುಚ್ಚೇ ಇತ್ತಲ್ಲ. ನೀ ಯಾಕ ಒದ್ದಾಡ್ತಿ?”

ಹುಕ್ಕೇರಿಯಲ್ಲಿ ಇಳಿದ ಕೂಡಲೇ ಮತ್ತೊಂದು ಗುಲಾಬಿ ಬಿಲ್ಲೆ ಎದುರಾಯಿತು. ಮೊದಲು ಗುಮ್ಮಟಗಳನ್ನು ನೋಡಿ, ಅದು ಎಂಟನೆಯ ನಂಬರು, ಬಂಗಲೆ ಒಂಬತ್ತನೆಯದು ಎಂದು ಆ ತರುಣ ದಾರಿಗೆ ಅಡ್ಡ ನಿಂತ.

“ಗುಮ್ಮಟ ಯಾವಾಗ ಮುಚ್ಚಿದ್ವೋ ತಮ್ಮಾ, ಇವತ್ತ ತೆರಿಯಾಕ?” ಎಂದು ಲಗಮವ್ವ ನಿಲ್ಲದೆ ನಡೆದಳು. “ಅದರ ಕಟ್ಟಿ ಮ್ಯಾಲ ನಾ ಕುರಿ ಕಾಯ್ಕೋತ ನಿದ್ದಿ ಮಾಡೇನಿ. ಠಸಿ ನೀನ ಹೊಡಕೊ.”

ದಿಬ್ಬದ ಬಂಗಲೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಹಂಚಿನ ಮಾಡು, ಸುತ್ತಲೂ ಪಡಸಾಲೆ, ನಾಲ್ಕು ಮೆಟ್ಟಿಲು, ನಡುವೆ ಎರಡು ಹಲಗೆಯ ಬಾಗಿಲು. ಒಂದು ಹಲಗೆ ಮಾತ್ರ ತೆರೆದಿತ್ತು. ಇನ್ನೊಂದರ ಅಗುಳಿ ತುಕ್ಕು ಹಿಡಿದು ಸರಿಯುತ್ತಿರಲಿಲ್ಲವಂತೆ. ಹೀಗಾಗಿ ಒಬ್ಬೊಬ್ಬರೇ ಒಳಗೆ ಹೋಗಬೇಕು. ಮೆಟ್ಟಿಲ ಕೆಳಗಿನ ತನಕ ಮೂವತ್ತು ಜನರ ಸಾಲು. ಅಂಗಳದಲ್ಲಿ ಮಾವಿನ ತೋರಣ, ಕಾಗದದ ಹೂವು. ಬಾಗಿಲ ಬದಿಗೆ ಕಸ್ತೂರಿಯ ಕಾಲೇಜಿನ ಇತಿಹಾಸದ ಪ್ರಾಧ್ಯಾಪಕ ಧನ್ಯಕುಮಾರ ಸರ್ ನಿಂತು ಬಂದವರನ್ನು ಸ್ವಾಗತಿಸುತ್ತಿದ್ದರು. ಈ ಎರಡು ದಿನದ ಕಾರ್ಯಕ್ರಮದ ಕಾರ್ಯದರ್ಶಿ ಅವರೇ. ಬಿ.ಎ. ಮೂರು ವರ್ಷದಲ್ಲಿ ಕಸ್ತೂರಿ ಅವರಿಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ಅವರನ್ನು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು, ಅತ್ತೆ ಯಾವುದಾದರೂ ಕಂಬದ ಬಗ್ಗೆ ಮಾತಾಡದೆ ಇದ್ದರೆ ಸಾಕು ಎಂದುಕೊಂಡಳು.

ಸಾಲು ಇಂಚಿಂಚಾಗಿ ಸರಿಯಿತು. ನಾಲ್ಕೂ ನಲವತ್ತಕ್ಕೆ ಅವರ ಸರದಿ ಬಂತು. ಕಸ್ತೂರಿ ಮುಂದೆ, ಲಗಮವ್ವ ಹಿಂದೆ.

“ಏನವಾ ಕಸ್ತೂರಿ, ಬಾ ಬಾ!” ಎಂದರು ಸರ್. “ಮನಿಯವರನ್ನೂ ಕರಕೊಂಡ ಬಂದಿ, ಚಲೋ ಆತು. ಹೋಗ್ರಿ ಒಳಗ, ಹೊತ್ತ ಇಲ್ಲ.”

ಕಸ್ತೂರಿ ತಲೆಬಾಗಿ ನಕ್ಕು, ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು, ಅತ್ತೆಯ ಕೈಗಾಗಿ ಹಿಂದೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ತಿರುಗಿ ನೋಡಿದಳು. ಲಗಮವ್ವ ಹೊಸ್ತಿಲ ಆಚೆ ನಿಂತಿದ್ದಳು. ಅವಳ ಕಣ್ಣು ಕಸ್ತೂರಿಯ ಮುಖದ ಮೇಲಿರಲಿಲ್ಲ, ಕಾಲ ಮೇಲಿತ್ತು.

ಕಸ್ತೂರಿಯೂ ತನ್ನ ಕಾಲು ನೋಡಿಕೊಂಡಳು. ಚಪ್ಪಲಿ. ಚಪ್ಪಲಿಯ ಕೆಳಗೆ, ಪಡಸಾಲೆಯಿಂದ ಹೊಸ್ತಿಲ ಮೇಲೆ ಹಾಯ್ದು ಒಳಗಿನ ಕೋಣೆಯ ನಡುವಿನ ತನಕ ಉದ್ದಕ್ಕೆ ಮಡಚಿ ಹಾಸಿದ್ದ ಕರಿಯ ಕಂಬಳಿ. ಎರಡು ದಿನದ ಧೂಳು, ಕೆಮ್ಮಣ್ಣಿನ ಹೆಜ್ಜೆಗಳು, ಯಾರೋ ಬೀಳಿಸಿದ ಶೇಂಗಾ ಸಿಪ್ಪೆ.

“ಅಜ್ಜಿ, ನಡೀರಿ,” ಎಂದರು ಹಿಂದಿನವರು.

ಲಗಮವ್ವ ತನ್ನ ಚಪ್ಪಲಿ ಕಳಚಿ ಬದಿಗಿಟ್ಟಳು. ಈಗ ಬರುತ್ತಾಳೆ ಎಂದುಕೊಂಡರೆ ಬರಲಿಲ್ಲ. ಬಗ್ಗಿ, ಕಂಬಳಿಯ ಅಂಚನ್ನು ಹೊಸ್ತಿಲ ಬಳಿ ಬೆರಳಿನಿಂದ ತಿಕ್ಕಿದಳು. ಧೂಳು ಸರಿದಲ್ಲಿ, ಕರಿ ಉಣ್ಣೆಯ ನಡುವೆ, ಒಂದು ಬೆರಳಗಲದ ಕೆಂಚು ಗೆರೆ ಕಂಡಿತು.

“ಕರೀದು ಸಾಲಲಿಲ್ಲ,” ಎಂದಳು, ಯಾರಿಗೂ ಅಲ್ಲದಂತೆ. “ಕೆಂಚ ಕುರೀದು ಒಂದ ಲಡಿ ಸೇರಿಸಿದ್ದೆ. ಅಂವ ಬೈದಿದ್ದ.”

“ಅತ್ತಿ,” ಎಂದಳು ಕಸ್ತೂರಿ.

“ನೆಲಕ್ಕ ಹಾಸ್ಯಾರ. ನೋಡಿದಿಲ್ಲ? ಅಂವ ಹೇಳೇ ಇಲ್ಲ.” ಲಗಮವ್ವ ನೆಟ್ಟಗಾದಳು. ಐವತ್ತು ವರ್ಷದ ಜಗಳ ಗೆದ್ದವಳ ಮುಖ ಅದಾಗಿರಲಿಲ್ಲ. “ಹೇಳಿದೆ, ಒಪ್ಪಿದ, ಅಂತ. ಸಾಯೂತನಕ ಅದನ್ನ ಅಂದ.”

“ಏನ್ರಿ ಅದು, ಬಸ್ ಐತ್ರಿ ನಮಗ!” ಎಂದು ಸಾಲಿನಲ್ಲಿ ಯಾರೋ ಕೂಗಿದರು. “ಅಜ್ಜಿ ಬಾಗಲಕ್ಕ ಬೀಗ ಆಗಿ ನಿಂತಾಳ,” ಎಂದ ಇನ್ನೊಬ್ಬ. ನಗೆ ಎದ್ದಿತು. ಕಸ್ತೂರಿ ಬೆವರಿದಳು. “ಅತ್ತಿ, ಬಾಜೂಕ ಸರದ ಬರ್ರಿ,” ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡಳು. ಬಾಜೂಕ್ಕೆ ಜಾಗ ಇರಲಿಲ್ಲ. ತೆರೆದ ಹಲಗೆಯ ಅಗಲವೂ ಕಂಬಳಿಯ ಅಗಲವೂ ಒಂದೇ. “ಕಣ್ಣ ಮುಚ್ಚಿ ಒಂದ ಹೆಜ್ಜಿ ಇಟ್ಟಬಿಡ್ರಿ. ಒಳಗ ಹೋಗಿ ನೋಡಿ ಬಂದಬಿಡೂಣು.”

ಲಗಮವ್ವ ಅವಳನ್ನು ಕೆಕ್ಕರಿಸಿ ನೋಡಿದಳು.

ಧನ್ಯಕುಮಾರ ಸರ್ ಬಂದರು. “ಏನ ತೊಂದರಿ ಆಯಿ?”

“ಇದು ನಂದು,” ಎಂದಳು ಲಗಮವ್ವ.

“ಇಲ್ಲ ಆಯಿ, ಇದು ಬಂಗಲಿದು. ದಾಖಲೆ ಐತಿ. ವಸ್ತು ಪಟ್ಟಿಯೊಳಗ ನಲವತ್ತೊಂದನೇ ನಂಬರ್.”

“ಅತ್ತಿಯವರು ಮಾವನವರು ಕೂಡಿ ನೇದದ್ದ್ರಿ ಸರ್,” ಎಂದಳು ಕಸ್ತೂರಿ. “ನಮ್ಮೊಳಗ ಇದನ್ನ ಚಪ್ಪಲಿ ಹಾಕ್ಕೊಂಡ ತುಳಿಯಂಗಿಲ್ರಿ.”

“ಹೌದಾ! ಭಾಳ ಸಂತೋಷ!” ಸರ್ ನಿಜಕ್ಕೂ ಸಂತೋಷಪಟ್ಟರು. ಅದೇ ತೊಂದರೆಯಾಯಿತು. “ನೋಡ್ರಿ ಎಲ್ಲಾರೂ! ಈ ಕಂಬಳಿ ನೇದ ಆಯಿ ಇವರು! ಎಲ್ಲಾ ಕಡೆ ಸ್ವಾಗತಕ್ಕ ಕೆಂಪ ಜಮಖಾನಿ ಹಾಸ್ತಾರ, ನಾವು ನಮ್ಮ ಮಣ್ಣಿನ ಕಂಬಳಿ ಹಾಸೇವಿ. ಆಯಿ, ಇದರ ಮ್ಯಾಲ ನಡದ ಬರ್ರಿ, ಒಂದ ಫೋಟೋ ತಗೀತೇವಿ.”

ಯಾರೋ ಕ್ಯಾಮೆರಾ ಎತ್ತಿದರು. ಲಗಮವ್ವ ಅಲುಗಲಿಲ್ಲ. ಸಾಲು ಗೊಣಗಿತು. ನಾಲ್ಕೂ ಐವತ್ತೆರಡು. ಸರ್ ಮುಖದ ನಗೆ ಹಾಗೇ ಇಟ್ಟುಕೊಂಡು, ಕಸ್ತೂರಿಯ ಕಡೆ ಬಾಗಿ, “ತಿಳಿಸಿ ಹೇಳವಾ, ಜನಾ ಕಾಯಾಕತ್ತಾರ, ನೀ ಕಲತಾಕಿ,” ಎಂದರು.

ಕಲಿತವಳು. ಓದಿದವಳು. ಬೆಳಿಗ್ಗೆಯಿಂದ, ಬೆಳಿಗ್ಗೆಯಿಂದ ಯಾಕೆ, ಮದುವೆಯಾದಾಗಿನಿಂದ ಈ ಮಾತು ಅವಳ ತಲೆಯ ಮೇಲೆ ಒಂದೊಂದೇ ಹೊರೆ ಇಡುತ್ತ ಬಂದಿತ್ತು. ಅರ್ಜಿ ತುಂಬು, ಬಸ್ಸು ಕೇಳು, ಮುದುಕಿಗೆ ತಿಳಿಸಿ ಹೇಳು. ತಿಳಿಯದೇ ಇದ್ದದ್ದು ಮುದುಕಿಗೇ ಎಂದು ಎಲ್ಲರೂ ಹೇಗೆ ನಿಶ್ಚಯಿಸಿದರು? ಒಂದು ವಸ್ತುವಿನ ಮೇಲೆ ಎರಡು ದಿನ ಊರಿಗೆ ಊರೇ ಚಪ್ಪಲಿಯಲ್ಲಿ ಓಡಾಡಿತ್ತು. ಹಾಗೆ ಓಡಾಡಬಾರದೆಂದು ಗೊತ್ತಿದ್ದವಳು ಈ ಇಡೀ ಸಾಲಿನಲ್ಲಿ ಒಬ್ಬಳೇ. ಅಲ್ಲ, ಇಬ್ಬರು. ಕಸ್ತೂರಿಗೂ ಗೊತ್ತಿತ್ತು. ತನ್ನ ಮದುವೆಯ ದಿನ ಅವಳೂ ಕಂಬಳಿಯ ಮೇಲೆಯೇ ಕೂತವಳು. ಸರ್ ನೋಡುತ್ತಿದ್ದಾರೆ ಎಂಬ ಗಡಿಬಿಡಿಯಲ್ಲಿ ಅವಳು ಕೆಳಗೆ ನೋಡಿರಲೇ ಇಲ್ಲ.

ಅವಳು ಚಪ್ಪಲಿ ಕಳಚಿ ಬರಿಯ ನೆಲಕ್ಕೆ ಇಳಿದಳು. ಕೋಣೆಯ ನಡುವಿನ ತುದಿಗೆ ಹೋಗಿ, ಅಲ್ಲಿ ನಿಂತು ದೀಪ ನೋಡುತ್ತಿದ್ದ ಒಂದು ಕುಟುಂಬಕ್ಕೆ “ಸ್ವಲ್ಪ ಸರೀರಿ” ಎಂದಳು. ಮೊಣಕಾಲೂರಿ ಕಂಬಳಿ ಸುತ್ತತೊಡಗಿದಳು.

“ಕಸ್ತೂರಿ, ಏನ ಮಾಡಾಕತ್ತಿ?” ಎಂದರು ಸರ್.

“ಸುತ್ತಾಕತ್ತೇನ್ರಿ, ಸರ್.”

“ಅದು ಕಾರ್ಯಕ್ರಮದ ಭಾಗ ಐತಿ!”

“ಹೌದ್ರಿ. ಸುತ್ತಿದ ಮ್ಯಾಲ ಜನಾ ಲಗೂನ ಒಳಗ ಬರ್ತಾರ್ರಿ.” ಕೈ ನಿಲ್ಲಲಿಲ್ಲ.

ಅಷ್ಟರಲ್ಲಿ ಅಂಗಳದ ಬೇವಿನ ಗಿಡದ ಕೆಳಗೆ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಕೂತಿದ್ದ ಮುದುಕನೊಬ್ಬ ಎದ್ದು, ಸಾಲನ್ನು ಸೀಳಿಕೊಂಡು ಬಂದ. ಖಾಕಿ ಅಂಗಿ, ಸೊಂಟದಲ್ಲಿ ಕೀಲಿಗೊಂಚಲು. ಬಂಗಲೆಯ ಕಾವಲುಗಾರ ದುರ್ಗಪ್ಪ.

“ಸುತ್ತವಾ, ಸುತ್ತು!” ಎಂದ. “ಎರಡ ದಿನಾ ಆತು ಬಡಕೊಳ್ಳಾಕತ್ತೇನಿ, ನನ್ನ ಮಾತ ಯಾರೂ ಕೇಳವಲ್ರು. ಸರ್, ನಿಮಗ ಹೇಳಿದ್ನೋ ಇಲ್ರಿ? ಪೆಟ್ಟಿಗಿಯೊಳಗಿಂದ ತಗೀಬ್ಯಾಡ್ರಿ, ನೆಲಕ್ಕ ಹಾಕಬ್ಯಾಡ್ರಿ ಅಂತ?”

“ಪರಂಪರೆ ಪೆಟ್ಟಿಗಿಯೊಳಗ ಇದ್ರ ಯಾರಿಗೆ ಕಾಣತೈತಿ ದುರ್ಗಪ್ಪ...” ಎಂದರು ಸರ್.

“ಯಾವ ಪೆಟ್ಟಿಗಿ?” ಎಂದಳು ಲಗಮವ್ವ.

“ಸಾಗವಾನಿ ಪೆಟ್ಟಿಗಿ. ವರ್ಷಾ ಬೇವಿನ ತಪ್ಪಲ ಬದಲಿ ಮಾಡ್ತೇನಿ. ನಮ್ಮಪ್ಪ ಇಲ್ಲಿ ಪಟ್ಟೇವಾಲ ಇದ್ದ, ಅಂವಾ ಮಾಡ್ತಿದ್ದ, ಈಗ ನಾ. ಇದನ್ನ ಯಾವತ್ತೂ ನೆಲಾ ಕಾಣಿಸಿಲ್ಲ ಯವ್ವಾ. ಸಾಹೇಬರು ಬಂದ್ರ ಪಲ್ಲಂಗದ ಮ್ಯಾಲ ಹಾಕೂದು, ಹೋದ್ರ ಪೆಟ್ಟಿಗಿಗೆ.”

“ಯಾಕ?”

“ಯಾಕಂದ್ರ ಮಾತ ಕೊಟ್ಟಾರ. ಇದನ್ನ ನೇದಾಂವ ತಂದ ಕೊಟ್ಟ ಮ್ಯಾಲ ಎದ್ದ ಹೋಗಲೇ ಇಲ್ಲಂತ. ಈ ಬಾಗಲದಾಗ, ಇಲ್ಲೇ, ಹೊಸ್ತಲದ ಒಳಗ ಕೂತಬಿಟ್ಟನಂತ. ಕಾಲಿಗೆ ಹಾಸೂದಿಲ್ಲ ಅಂತ ಮಾತ ಕೊಡೂತನಕ ಏಳಂಗಿಲ್ಲ ಅಂದನಂತ. ಸಾಹೇಬ ಊಟ ಮಾಡಿದ, ನಿದ್ದಿ ಮಾಡಿ ಎದ್ದ, ಅಂವ ಕೂತೇ ಇದ್ದ. ನೀರ ಕೊಟ್ರ ಕುಡೀಲಿಲ್ಲಂತ. ಕಡೀಕ ಸಾಹೇಬ ನಮ್ಮಪ್ಪನ್ನ ಕರದು, ಮಾತ ಕೊಟ್ಟೇನಿ, ಇದನ್ನ ನೆಲಕ್ಕ ಹಾಕಿದ್ರ ನಿನ್ನ ನೌಕರಿ ಇಲ್ಲ ಅಂದನಂತ. ನಮ್ಮಪ್ಪಗ ಅಂವನ ಮ್ಯಾಲ ಭಾಳ ಸಿಟ್ಟಿತ್ತು. ಅವನಿಂದ ನನಗ ವರ್ಷಾ ಬೇವಿನ ತಪ್ಪಲದ ಕೆಲಸ ಹತ್ತಿತು ಅಂತಿದ್ದ.”

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ್ದ. ಕಸ್ತೂರಿ ಸುತ್ತುತ್ತ ಸುತ್ತುತ್ತ ಹೊಸ್ತಿಲಿಗೆ ಬಂದು ಮುಟ್ಟಿದ್ದಳು. ತಲೆಯೆತ್ತಿ ಅತ್ತೆಯನ್ನು ನೋಡಿದಳು. ಲಗಮವ್ವನ ಬಾಯಿ ಸ್ವಲ್ಪ ತೆರೆದಿತ್ತು. ಅವಳು ಅಂಗಳದ ಒಂದು ಕಡೆ ನೋಡುತ್ತಿದ್ದಳು. ಈಗ ಅಲ್ಲಿ ತೋರಣದ ಕಂಬ ಇತ್ತು. ಆಗ ಅವಳು ಅರ್ಧ ದಿನ ನಿಂತ ನೆರಳಿಲ್ಲದ ಕಡೆ ಅದು.

“ನೀರ ಸುದ್ಧಾ ಕುಡೀಲಿಲ್ಲಂತ?” ಎಂದಳು.

“ಇಲ್ಲಂತ.”

“ಚಾ?”

“ನೀರಾ ಕುಡೀಲಿಲ್ಲ ಅಂದ್ರ ಚಾ ಎಲ್ಲೀದು ಯವ್ವಾ.”

ಲಗಮವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. “ಹಡಬಿಟ್ಟಿ,” ಎಂದಳು ಸಿಟ್ಟಿನಲ್ಲಿ. “ಚಾ ಕುಡಕೋತ ಕೂತಿದ್ದಿ ಅಂತ ಜನ್ಮಾಪೂರ್ತಿ ಬೈಸ್ಕೊಂಡ. ಇಲ್ಲ, ಹೊಸ್ತಲದಾಗ ಕೂತಿದ್ದೆ ಅಂತ ಒಂದ ಮಾತ ಹೇಳಾಕ ಏನಾಗಿತ್ತ ಇವಗ? ಕನ್ನಡಿ ಅಂತ, ಕನ್ನಡಿ! ಹೇಳೂದ ಬಿಟ್ಟು ಬ್ಯಾರೇ ಎಲ್ಲಾ ಹೇಳಿದ.”

ಕಂಬಳಿ ಪೂರ್ತಿ ಸುತ್ತಿಯಾಗಿತ್ತು. ದುರ್ಗಪ್ಪ ಅದನ್ನು ಹೆಗಲಿಗೇರಿಸಿಕೊಂಡ. ಧನ್ಯಕುಮಾರ ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ನಲವತ್ತೊಂದನೆಯ ನಂಬರಿನ ವಸ್ತುವನ್ನು ಮಾತ್ರ ಆಯಿಗೆ ಕೊಟ್ಟುಬಿಡಲು ತಮಗೆ ಅಧಿಕಾರವಿಲ್ಲ ಎಂದರು.

“ನನಗ್ಯಾಕ ಅದು? ಮಾರಿದ್ದು ಮಾರಿದ್ದ,” ಎಂದಳು ಲಗಮವ್ವ. “ಝಾಡಿಸಿ ಇಡ್ರಿ. ಹಸೀ ತಪ್ಪಲ ಹಾಕಬ್ಯಾಡ, ಒಣಗಿಸಿ ಹಾಕಪಾ, ಇಲ್ಲಾಂದ್ರ ಬೂಸ್ರ ಹಿಡೀತೈತಿ.” ಹಾಗೆಂದು, ಬರಿಗಾಲಲ್ಲಿ ಹೊಸ್ತಿಲು ದಾಟಿ ಒಳಗೆ ಬಂದಳು. ಅವಳ ಹಿಂದಿದ್ದ ಸಾಲಿನಲ್ಲಿ ಮೊದಲ ನಾಲ್ಕೈದು ಜನರೂ ಯಾಕೆಂದು ಗೊತ್ತಿಲ್ಲದೆ ಚಪ್ಪಲಿ ಬಿಟ್ಟು ಬಂದರು. ಆರನೆಯವನು ಹಾಕಿಕೊಂಡೇ ಬಂದ.

ಒಳಗೆ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಪಲ್ಲಂಗ, ಬೆತ್ತ ಹರಿದ ಕುರ್ಚಿ, ಮಸಿ ಹಿಡಿದ ಗಾಜಿನ ದೀಪ. ಲಗಮವ್ವ ಯಾವುದರ ಮುಂದೆಯೂ ನಿಲ್ಲಲಿಲ್ಲ. ಪಕ್ಕದ ಕೋಣೆಗೆ ಹೋದಳು, ಬಂದಳು, ಹಿಂದಿನ ಕೋಣೆಗೆ ಇಣುಕಿದಳು. ಕೊನೆಗೆ ಕೈತೊಳೆಯುವ ಜಾಗದ ಬಳಿ ಗೋಡೆಗೆ ತೂಗುಹಾಕಿದ್ದ ಒಂದು ಕನ್ನಡಿಯ ಮುಂದೆ ನಿಂತಳು. ರೊಟ್ಟಿ ಬಡಿಯುವ ಪರಾತದಷ್ಟು ಅಗಲ. ಅದರಲ್ಲಿ ಅವಳ ಹಣೆಗೆ ಹಚ್ಚಿದ ಅರಿಶಿನದ ಬಂಡಾರ, ಮೂಗು, ಗಲ್ಲ ಕಂಡವು. ಹೆಬ್ಬೆರಳು ಹೋಗಲಿ, ಕೊರಳೂ ಪೂರ್ತಿ ಕಾಣಲಿಲ್ಲ.

“ನೋಡಿದಿ?” ಎಂದಳು. “ನೋಡಿದಿ ಕಸ್ತೂರಿ? ಮುಂಡಾಸದಿಂದ ಹೆಬ್ಬಟ್ಟಿನ ತನಕ ಅಂತ! ಎಂಥಾ ಸುಳ್ಳ!” ಅವಳ ದನಿಗೆ ಜೀವ ಮರಳಿತ್ತು.

ಐದಕ್ಕೆ ಗಂಟೆ ಬಾರಿಸಿದರು. ಒಂಬತ್ತನೆಯ ಚೌಕಕ್ಕೆ ಠಸೆ ಹೊಡೆಯುವ ತರುಣ ಆಗಲೇ ಮೇಜು ಮಡಚಿದ್ದ. ಇನ್ನು ಠಸೆ ಇಲ್ಲ, ಮುಂದಿನ ವರ್ಷ ಬನ್ನಿ ಎಂದ. ಲಗಮವ್ವ ಪಡಸಾಲೆಯಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುವಾಗ, ಕಸ್ತೂರಿ ಕಂಬಳಿ ಝಾಡಿಸುತ್ತಿದ್ದ ದುರ್ಗಪ್ಪನ ಬಳಿ ಹೋಗಿ, ಒಳಗಿನ ಕನ್ನಡಿ ಹಳೆಯದೇ ಎಂದು ಕೇಳಿದಳು.

“ಯಾವುದು, ಆ ಸಣ್ಣದು? ಅದು ಮೊನ್ನೆ ಪ್ಯಾಟ್ಯಾಗ ತಂದದ್ದವಾ. ಹಳೇದು ಬ್ಯಾರೇ ಇತ್ತು, ನಿನಗಿಂತ ಎತ್ತರ. ನಾ ಸಣ್ಣಾಂವ ಇದ್ದಾಗ ಅದರ ಮುಂದ ನಿಂತ ಕುಣೀತಿದ್ದೆ. ಒಂದ ಮಳಿಗಾಲ ಗ್ವಾಡಿ ಕುಸದು ಬಿದ್ದ ಒಡದ ಹೋತು.”

ಕಸ್ತೂರಿ ತಲೆಯಾಡಿಸಿದಳು.

ಐದೂಮುಕ್ಕಾಲಿನ ಬಸ್ಸು ಅಂದು ಐದೂ ನಲವತ್ತಕ್ಕೇ ಹೋಗಿತ್ತು. ದಿನವಿಡೀ ತಡವಾಗಿ ಬಂದ ಬಸ್ಸುಗಳಲ್ಲಿ ಹೊತ್ತಿಗೆ ಮುಂಚೆ ಹೋದದ್ದು ಅದೊಂದೇ. ಘಟಪ್ರಭಾದ ತನಕ ಟೆಂಪೋದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ನಡುವೆ ಇಕ್ಕಟ್ಟಾಗಿ ಕೂತು ಹೋದರು. ಮತ್ತೆ ರೈಲು ಗೇಟು ಹಾಕಿತ್ತು. ಲಗಮವ್ವ ಹುಕ್ಕೇರಿ ಬಿಟ್ಟಾಗಿನಿಂದ ಬಾಯಿ ಮುಚ್ಚಿರಲಿಲ್ಲ.

“ಅಷ್ಟ ಸಣ್ಣ ಕನ್ನಡಿ ನೋಡಿ ಬಂದು ಆಳೆತ್ತರ ಅಂದನಲ್ಲ. ನಲವತ್ತೈದ ವರ್ಷ ಅಂದನಲ್ಲ. ಬೀಗರ ಮುಂದ ಸುದ್ಧಾ ಹೇಳಿದ. ನಾ ಅವತ್ತಾ ಅಂದಿದ್ದೆ, ಅಂಥಾ ಕನ್ನಡಿ ಲೋಕದಾಗ ಇರಂಗಿಲ್ಲ ಅಂತ. ನಿನಗ ನೆನಪೈತಿಲ್ಲ, ಅಂದಿದ್ನೋ ಇಲ್ಲೋ?”

ಕಸ್ತೂರಿಗೆ ತಲೆ ಸಿಡಿಯುತ್ತಿತ್ತು. ಕಾಲಿಗೆ ಚಪ್ಪಲಿ ಕಚ್ಚಿತ್ತು. ಒಂದು ಮಾತು ಹೇಳಿದರೆ ಈ ಗದ್ದಲ ಇಲ್ಲಿಗೇ ನಿಲ್ಲುತ್ತದೆ ಎಂದು ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಅತ್ತೆ ಖಾಲಿ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಗ್ಯಾಂಗಿನವರ ನಡುವೆ ಮಾಲಿಂಗಪ್ಪನೇ ಕೂತಿರುವ ಹಾಗೆ ಅತ್ತ ಕಡೆ ಬೆರಳು ಮಾಡಿ ಮಾತಾಡುತ್ತಿದ್ದಳು.

“ಅಂದಿದ್ರಿ, ಅತ್ತಿ,” ಎಂದಳು ಕಸ್ತೂರಿ.

ರೈಲು ಬಂತು, ಹೋಯಿತು. ಗೇಟು ಏಳಲಿಲ್ಲ.